ಕೊನರೆ ರಾಜ ಮೊದಲು ಮುರಿದ ಕಟ್ಟಳೆ

ಐರ್ಲೆಂಡಿನ ಪುರಾಣದ ರಾಜ ಕೊನರೆ ಮೋರ್ ಬಗ್ಗೆ ಬರೆಯಿರಿ ಅಂದರೆ ಸಾಕು, ನನ್ನ ಜಾನಪದ ತರಗತಿಯ ಉತ್ತರಪತ್ರಿಕೆಗಳಲ್ಲಿ ಒಂದೇ ರಾಗ: "ಪಾಪ, ಎತ್ತ ಹೋದರೂ ಕಟ್ಟಳೆ ಮುರಿಯುತ್ತೆ. ವಿಧಿ! ರಾಜ ಏನು ಮಾಡ್ತಾನೆ?" ತಿದ್ದಿ ತಿದ್ದಿ ಸಾಕಾಗಿದೆ.

ಹಕ್ಕಿ ರೂಪದಲ್ಲಿ ಬಂದವನಿಗೆ ಹುಟ್ಟಿದ್ದು, ಬೆತ್ತಲೆಯಾಗಿ ಕವಣೆ ಹಿಡಿದು ರಾಜರ ಪೀಠವಾದ ತಾರಾಗೆ ಬಂದು ಪಟ್ಟವೇರಿದ್ದು, ಇವೆಲ್ಲ ಇರಲಿ. ಹಕ್ಕಿಗಳ ರಾಜ ಅವನಿಗೆ ಕೆಲವು ಕಟ್ಟಳೆ ಹಾಕಿದ್ದ. ತಾರಾಗೆ ಪ್ರದಕ್ಷಿಣೆ, ಅದರ ಸುತ್ತಲ ಸೀಮೆಯಾದ ಬ್ರೆಗಾಗೆ ಅಪ್ರದಕ್ಷಿಣೆ ಹಾಕಬೇಡ. ಕೆರ್ನಾದ ಮೃಗಗಳನ್ನು ಬೇಟೆಯಾಡಬೇಡ. ಮೂವರು ಕೆಂಪರು ನಿನಗಿಂತ ಮುಂದೆ ಕೆಂಪನ ಮನೆಗೆ ಹೋಗಬಾರದು. ಇವೆಲ್ಲ ಹುಡುಗರಿಗೆ ಬಾಯಿಪಾಠ. ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ನಿನ್ನ ಆಳ್ವಿಕೆಯಲ್ಲಿ ಸುಲಿಗೆ ನಡೆಯಬಾರದು. ಇದನ್ನು ಮಾತ್ರ ಯಾರೂ ಬರೆಯಲ್ಲ. ವಿಚಿತ್ರವಾಗಿಲ್ವಲ್ಲ, ಅದಕ್ಕೇ ಇರಬೇಕು.

ಮೊದಲು ಮುರಿದದ್ದು ಅದೇ ಸ್ವಾಮಿ! ಡೋನ್ ಡೇಸಾನ ಮನೆಯ ಮೂವರು ಕೊನರೆಯ ಜೊತೆಗೇ ಬೆಳೆದ ಸಾಕು ತಮ್ಮಂದಿರು. ಪ್ರತಿ ವರ್ಷ ಅದೇ ಒಬ್ಬ ರೈತನ ಹಂದಿ, ಎತ್ತು, ಹಸು ಕದಿಯುತ್ತಿದ್ದರು. ಯಾಕೆ? ರಾಜ ಏನು ಶಿಕ್ಷೆ ಕೊಡ್ತಾನೆ ನೋಡೋಣ ಅಂತ. ರೈತ ದೂರು ತಂದರೆ ಕೊನರೆಯ ಉತ್ತರ, "ಕದ್ದವರು ಅವರೇ, ಹೋಗಿ ಅವರನ್ನೇ ಕೇಳು." ಕೇಳಲು ಹೋದರೆ ಜೀವ ಹೋಗುವಷ್ಟು ಹೊಡೆತ. ಪಾಪ, ಅವನು ಆಮೇಲೆ ರಾಜನ ಹತ್ತಿರ ಬರುತ್ತಲೇ ಇರಲಿಲ್ಲ.

ಹೀಗೆ ರುಚಿ ಹತ್ತಿದ ಹುಡುಗರು ದಂಡು ಕಟ್ಟಿ ಸುಲಿಗೆಗಿಳಿದರು. ಆಗಿನ ತೀರ್ಪು ಇನ್ನೂ ಚೆಂದ: ಒಬ್ಬೊಬ್ಬ ತಂದೆಯೂ ತನ್ನ ಮಗನನ್ನು ಕೊಲ್ಲಲಿ, ನನ್ನ ತಮ್ಮಂದಿರನ್ನು ಮಾತ್ರ ಬಿಡಿ! ತಪ್ಪೆಂದು ಅವನಿಗೇ ಹೊಳೆದು, ಎಲ್ಲರನ್ನೂ ಸ್ಕಾಟ್ಲೆಂಡಿನ ಕಡೆ ಅಟ್ಟಿದ. ಅವರು ಇಂಗ್‌ಕೇಲ್ ಎಂಬ ಒಕ್ಕಣ್ಣನ ಜೊತೆ ಸೇರಿ ವಾಪಸ್ ಬಂದು, ರಾಜ ತಂಗಿದ್ದ ದಾ ಡೆರ್ಗಾನ ಛತ್ರಕ್ಕೆ ನುಗ್ಗಿದರು. ಡೆರ್ಗ ಅಂದರೆ ಕೆಂಪು, ಕಟ್ಟಳೆಯ ಕೆಂಪನ ಮನೆ ಇದೇ. ರಾಜ ಸತ್ತದ್ದು ಅಲ್ಲೇ. ಪ್ರದಕ್ಷಿಣೆ, ಬೇಟೆ, ಕೆಂಪು ಸವಾರರು, ಎಲ್ಲ ಬರುವುದು ಆ ತೀರ್ಪಿನ ನಂತರ.

ಒಮ್ಮೆ ಒಬ್ಬ ಹುಡುಗಿ, "ಸರ್, ರೈತನಿಗೆ ಹಸು ವಾಪಸ್ ಸಿಕ್ತಾ?" ಅಂದಳು. ಹಸು ಏನಾಯಿತು ಅಂತ ಕಥೆ ಹೇಳಲ್ಲ. ಆದರೆ ಅವಳು ಓದಬೇಕಾದ ಕಡೆ ಓದಿದ್ದಳು.

ವಿಧಿಗೆ ಇಲ್ಲಿ ಜಾಗವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಈ ಕಥೆ ಇರುವ ಹಳೆಯ ಹಸ್ತಪ್ರತಿ 1100ರ ಆಸುಪಾಸಿನದು, ಅದರಲ್ಲೂ ಕಥೆ ಪೂರ್ತಿ ಉಳಿದಿಲ್ಲ. ಬೇರೆ ಪ್ರತಿಗಳ ಜೊತೆ ಇಟ್ಟು ಓದಬೇಕು. ವಿಧಿ ಅಂತ ಬರೆಯುವುದಾದರೆ ಬರೆಯಿರಿ, ಅಂಕ ಕಳೆಯಲ್ಲ. ಆ ರೈತನ ದೂರು ದಾಟಿದ ಮೇಲೆ ಬರೆಯಿರಿ, ಅಷ್ಟೇ.