ಹೊಟ್ಟೆಯ ಬೊಜ್ಜಿಗೂ ರಕ್ತನಾಳಕ್ಕೂ ಏನು ನಂಟು?

ಉಡುಪಿ ರಥಬೀದಿಯ ಹತ್ತಿರ ನಾನು ಬಟ್ಟೆ ಹೊಲಿಸುವ ಟೈಲರ್ ಮೊನ್ನೆ ಸೊಂಟಕ್ಕೆ ಟೇಪು ಸುತ್ತಿ, ಹಳೆಯ ಅಳತೆ ಪುಸ್ತಕ ತಿರುವಿ, "34 ಇದ್ದದ್ದು 37 ಆಗಿದೆಯಲ್ಲ ಮಾರಾಯ್ರೆ" ಎಂದರು. ತೂಕ ಏರಿದ್ದು ಎರಡೇ ಕಿಲೋ. ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ. ಅಪ್ಪನ ಮೈಕಟ್ಟೂ ಹೀಗೇ ಇತ್ತು. 52ನೇ ವಯಸ್ಸಿಗೆ ಹೃದಯಾಘಾತವಾಯಿತು.

ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ಕೂತಿದೆ ಎನ್ನುವುದು ಮುಖ್ಯ ಎಂದು 1947ರಲ್ಲೇ ಫ್ರಾನ್ಸಿನ ವೈದ್ಯ ಜಾನ್ ವಾಗ್ ಬರೆದಿದ್ದರು. ಆದರೂ ಬಹುಕಾಲ ಕೊಬ್ಬೆಂದರೆ ಮಿಕ್ಕ ಶಕ್ತಿ ತುಂಬಿಡುವ ಕಣಜ ಎಂದೇ ಎಲ್ಲರ ಎಣಿಕೆ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಪತ್ತೆ ಮಾಡಿದ ಮೇಲೆ, ಕೊಬ್ಬೂ ಹಾರ್ಮೋನು ಸುರಿಸುವ ಅಂಗವೆಂದು ಒಪ್ಪಬೇಕಾಯಿತು. ಲೆಪ್ಟಿನ್ ಹಸಿವನ್ನು ತಗ್ಗಿಸುತ್ತದೆ ನಿಜ. ವಿಪರೀತವಾದರೆ ನರಗಳನ್ನು ಕೆರಳಿಸಿ ರಕ್ತದೊತ್ತಡ ಏರಿಸುತ್ತದೆ.

ನನಗೆ ಅದಕ್ಕಿಂತ ವಿಸ್ಮಯವೆನಿಸುವುದು ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನು. ಅದನ್ನು ತಯಾರಿಸುವುದು ಕೊಬ್ಬಿನ ಕೋಶಗಳೇ. ಹಾಗಾದರೆ ಬೊಜ್ಜು ಬೆಳೆದಷ್ಟೂ ಅದು ಹೆಚ್ಚಬೇಕಲ್ಲ? ಕಡಿಮೆಯಾಗುತ್ತದೆ! 1999ರಲ್ಲಿ ಇದನ್ನು ತೋರಿಸಿದ್ದು ಜಪಾನಿನ ಒಸಾಕಾದ ಸಂಶೋಧಕರು. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಹೊರಬಿಟ್ಟಾಗ ನಾಳ ಸಡಿಲಗೊಂಡು ಹಿಗ್ಗುತ್ತದೆ. ಅಡಿಪೊನೆಕ್ಟಿನ್ ಆ ಕೆಲಸಕ್ಕೆ ಒತ್ತಾಸೆ; ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟಿಕೊಳ್ಳುವುದನ್ನೂ ತಡೆಯುತ್ತದೆ. ಹೊಟ್ಟೆಯೊಳಗಿನ ಕೊಬ್ಬಿನ ಕೋಶಗಳು ಉಬ್ಬಿದಾಗ ಈ ಒತ್ತಾಸೆ ತಪ್ಪಿ, ಉರಿಯೂತ ಹಚ್ಚುವ ರಾಸಾಯನಿಕಗಳು ಹೆಚ್ಚುತ್ತವೆ. ನಾಳ ಬಿಗಿಯುತ್ತದೆ, ಗೋಡೆಯಲ್ಲಿ ಜಿಡ್ಡು ಕಟ್ಟುತ್ತದೆ. ಹಾಗೆಂದು ಎಲ್ಲ ಹೊಣೆಯನ್ನೂ ಈ ಒಂದೇ ಹಾರ್ಮೋನಿನ ಮೇಲೆ ಹೊರಿಸಲಾಗದು. ಅದರ ಕೊರತೆಯೇ ಕಾರಣವೆಂಬ ವಾದಕ್ಕೆ ಮುಂದಿನ ವಂಶವಾಹಿ ಅಧ್ಯಯನಗಳು ಬಲ ಕೊಡಲಿಲ್ಲ.

2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಚಿತ್ರವನ್ನು ನಮ್ಮವರೆಲ್ಲ ನೋಡಬೇಕು. ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ಜೊತೆಗೆ ನಿಂತಿದ್ದಾರೆ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, ಒಂದೇ: 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ತೂಕದ ಯಂತ್ರ ಹತ್ತಿ ಇಳಿದು ನಿಶ್ಚಿಂತರಾಗುವ ನಮ್ಮಂಥ ಸಪೂರದವರ ಕಥೆ ಅದರಲ್ಲಿದೆ.

ಅದಕ್ಕೇ ಭಾರತೀಯರಿಗೆ ಸೊಂಟದ ಮಿತಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಇಟ್ಟಿದ್ದಾರೆ. ಟೈಲರ್ ಹೇಳಿದ 37 ಇಂಚೆಂದರೆ 94. ಮನೆಗೆ ಬಂದು ಮತ್ತೊಮ್ಮೆ ಅಳೆದೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ. 95 ಇತ್ತು.