ಜೇನಿನ ಚಾವಿ ಮೇಲೆ, ಸಂಸಾರ ಕೆಳಗೆ

ಪೆಟ್ಟಿಗೆಯ ಹಿಂಬದಿಗೆ ಒಂದು ಕೊಳವೆ ಸಿಕ್ಕಿಸಿ, ಉದ್ದನೆಯ ಚಾವಿ ತೂರಿಸಿ ತಿರುಗಿಸಿದರೆ ಜೇನು ತಾನಾಗಿಯೇ ಬಾಟಲಿಗೆ ಇಳಿಯುತ್ತದೆ. ಒಳಗೆ ಹುಳುಗಳು ತಮ್ಮ ಪಾಡಿಗೆ ಓಡಾಡಿಕೊಂಡಿರುತ್ತವೆ. ಆಸ್ಟ್ರೇಲಿಯಾದ ಸ್ಟುವರ್ಟ್ ಆ್ಯಂಡರ್ಸನ್ ಮತ್ತು ಅವರ ಮಗ ಸೀಡರ್ ಈ ‘ಫ್ಲೋ ಹೈವ್’ ಪೆಟ್ಟಿಗೆಯನ್ನು 2015ರಲ್ಲಿ ಜನರ ಮುಂದಿಟ್ಟರು. ತಯಾರಿಕೆಗೆ ಬೇಕೆಂದು ಇಂಟರ್‌ನೆಟ್‌ನಲ್ಲಿ ಕೇಳಿದ್ದು 70,000 ಡಾಲರ್. ಬಂದದ್ದು 1.2 ಕೋಟಿ ಡಾಲರ್‌ಗೂ ಜಾಸ್ತಿ. ಜೇನು ಸಾಕುವ ಯೋಚನೆಯೇ ಇಲ್ಲದಿದ್ದ ಎಷ್ಟೋ ಜನ ಅದನ್ನು ನೋಡಿ, ನಾವೂ ಒಂದು ಪೆಟ್ಟಿಗೆ ಇಡೋಣ ಅಂದುಕೊಂಡರು.

ಆ ಆಸೆ ಒಳ್ಳೆಯದೇ. ಆದರೆ ಹೊಸಬರು ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಈ ಪೆಟ್ಟಿಗೆ ಜೇನು ತೆಗೆಯುವ ಕೆಲಸವನ್ನು ಸುಲಭ ಮಾಡಿದೆ. ಜೇನು ಸಾಕುವ ಕೆಲಸ ಮೊದಲು ಹೇಗಿತ್ತೋ ಈಗಲೂ ಹಾಗೇ ಇದೆ. ತೆಗೆಯುವುದು ವರ್ಷಕ್ಕೆ ಒಂದೆರಡು ಸಲ. ಸಾಕುವುದು, ಹೂವಿನ ಕಾಲದಲ್ಲಂತೂ, ಹೆಚ್ಚು ಕಡಿಮೆ ವಾರ ವಾರದ ಕೆಲಸ.

ಆಧುನಿಕ ಪೆಟ್ಟಿಗೆಯ ಕಥೆ ಚಾವಿಯಿಂದ ಶುರುವಾಗಿದ್ದಲ್ಲ, ಒಂದು ಸಂದಿಯಿಂದ. ಟೊಳ್ಳು ದಿಮ್ಮಿಯಲ್ಲೋ ಹುಲ್ಲಿನ ಬುಟ್ಟಿಯಲ್ಲೋ ಜೇನು ಸಾಕುತ್ತಿದ್ದ ಕಾಲದಲ್ಲಿ ಎರಿಗಳು, ಅಂದರೆ ಹುಳುಗಳು ಕಟ್ಟುವ ಮೇಣದ ಹುಟ್ಟುಗಳು, ಗೋಡೆಗೇ ಅಂಟಿರುತ್ತಿದ್ದವು. ಕತ್ತರಿಸದೆ ಒಂದು ಹನಿ ಜೇನೂ ಸಿಗುತ್ತಿರಲಿಲ್ಲ. ಯುರೋಪಿನ ಎಷ್ಟೋ ಕಡೆ ಗಂಧಕದ ಹೊಗೆ ಹಾಕಿ ಇಡೀ ಕುಟುಂಬವನ್ನೇ ಕೊಂದು ಜೇನು ತೆಗೆಯುತ್ತಿದ್ದರು. 1851ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಪಾದ್ರಿ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಒಂದು ಸಂಗತಿಯನ್ನು ಸರಿಯಾಗಿ ಹಿಡಿದರು. ಹುಳುಗಳು ತಮ್ಮ ಗೂಡಿನ ಸಂದಿಗಳನ್ನು ಅಳತೆಗೆ ತಕ್ಕಂತೆ ಬಳಸುತ್ತವೆ. ಸಂದಿ ತೀರಾ ಕಿರಿದಾದರೆ ಮರದ ಅಂಟು ತಂದು ಮುಚ್ಚಿಬಿಡುತ್ತವೆ. ಅಗಲವಾದರೆ ಅಲ್ಲೊಂದು ಎರಿ ಕಟ್ಟುತ್ತವೆ. ಸುಮಾರು 6ರಿಂದ 9 ಮಿ.ಮೀ. ಇದ್ದರೆ ಮಾತ್ರ ಓಡಾಡುವ ದಾರಿಯಾಗಿ ಖಾಲಿ ಬಿಡುತ್ತವೆ. ಲ್ಯಾಂಗ್‌ಸ್ಟ್ರಾತ್ ಎರಿ ಕಟ್ಟಿಸುವ ಪ್ರತಿ ಚೌಕಟ್ಟಿನ ಸುತ್ತಲೂ ಇಷ್ಟೇ ಸಂದಿ ಇಟ್ಟರು. ಎರಿ ಯಾವುದಕ್ಕೂ ಅಂಟಲಿಲ್ಲ. ಪುಸ್ತಕವನ್ನು ಕಪಾಟಿನಿಂದ ತೆಗೆದಂತೆ ಚೌಕಟ್ಟನ್ನು ಮೇಲಕ್ಕೆತ್ತಿ, ನೋಡಿ, ಮತ್ತೆ ಅಲ್ಲೇ ಇಡಬಹುದಾಯಿತು. 1852ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಜೇನು ಸಾಕಣೆಯಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ. ಗೂಡನ್ನು ಕೆಡಿಸದೆ ಒಳಗೆ ನೋಡುವುದು ಸಾಧ್ಯವಾದದ್ದು ಆಗಲೇ. 1857ರಲ್ಲಿ ಎರಿ ಕಟ್ಟಲು ಆಧಾರವಾಗುವ ಮೇಣದ ಹಾಳೆ ಬಂತು. 1865ರಲ್ಲಿ ಎರಿಯನ್ನು ತಿರುಗಿಸಿ ಜೇನು ಹೊರಗೆಸೆಯುವ ಯಂತ್ರ ಬಂತು. ಫ್ಲೋ ಹೈವ್ ಕೂಡ ಮೂಲತಃ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯೇ. ಕೆಳಗೆ ರಾಣಿ ಮೊಟ್ಟೆ ಇಡುವ ಸಂಸಾರ ಕೋಣೆ, ಮೇಲೆ ಜೇನು ಕೋಣೆ, ನಡುವೆ ರಾಣಿ ತಡೆ ಜಾಲರಿ. ಕೆಲಸಗಾರ ಹುಳುಗಳು ಜಾಲರಿಯಲ್ಲಿ ನುಸುಳುತ್ತವೆ, ಮೈ ದಪ್ಪಗಿರುವ ರಾಣಿ ನುಸುಳಲಾರಳು. ಬದಲಾಗಿರುವುದು ಮೇಲಿನ ಕೋಣೆಯ ಚೌಕಟ್ಟುಗಳಷ್ಟೇ.

ಆ ಚೌಕಟ್ಟು ನಿಜಕ್ಕೂ ಜಾಣತನದ ಕೆಲಸ. ಅದರಲ್ಲಿ ಪ್ಲಾಸ್ಟಿಕ್ಕಿನ ಆರು ಮೂಲೆಯ ಕೋಶಗಳು ಅರೆಬರೆ ಕಟ್ಟಿದ ಸ್ಥಿತಿಯಲ್ಲಿರುತ್ತವೆ. ಹುಳುಗಳು ಬಿರುಕುಗಳಿಗೆ ಮೇಣ ಮೆತ್ತಿ ಕೋಶಗಳನ್ನು ಪೂರ್ತಿ ಮಾಡುತ್ತವೆ. ಮಕರಂದ ತುಂಬಿ, ನೀರಿನಂಶ ಆರಿಸಿ, ಜೇನು ಹದವಾದ ಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಈಗ ಚಾವಿ ತಿರುಗಿಸಿದರೆ ಒಂದು ಬಿಟ್ಟು ಒಂದು ಸಾಲು ಅರ್ಧ ಕೋಶದಷ್ಟು ಸರಿಯುತ್ತದೆ. ಮೇಣ ಮೆತ್ತಿದ ಜೋಡಣೆ ಒಡೆಯುತ್ತದೆ. ಬೇರೆ ಬೇರೆಯಾಗಿದ್ದ ಕೋಶಗಳು ಮೇಲಿಂದ ಕೆಳಕ್ಕೆ ಅಂಕುಡೊಂಕಾದ ಕಾಲುವೆಗಳಾಗುತ್ತವೆ. ಜೇನು ಆ ದಾರಿಯಲ್ಲಿ ಜಾರಿ ತಳದ ತೊಟ್ಟಿಗೆ, ಅಲ್ಲಿಂದ ಕೊಳವೆಗೆ ಬರುತ್ತದೆ. ಮುಚ್ಚಳಗಳು ಹಾಗೇ ಇರುವುದರಿಂದ ಮೇಲೆ ನಿಂತ ಹುಳುವಿಗೆ ಕೂಡಲೇ ಏನೂ ಗೊತ್ತಾಗುವುದಿಲ್ಲ. ಚಾವಿಯನ್ನು ವಾಪಸ್ ತಿರುಗಿಸಿದ ಮೇಲೆ ಕೋಶ ಖಾಲಿ ಅಂತ ತಿಳಿದು, ಮುಚ್ಚಳ ಕಿತ್ತು, ಮತ್ತೆ ತುಂಬಲು ಶುರು ಮಾಡುತ್ತವೆ.

ಒಂದು ಎಚ್ಚರಿಕೆ. ಚಾವಿಯನ್ನು ಒಂದೇ ಸಲ ಪೂರ್ತಿ ತೂರಿಸಿ ತಿರುಗಿಸಬೇಡಿ. ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಿ ಭಾಗ ಭಾಗವಾಗಿ ತೆರೆಯಿರಿ. ಇಲ್ಲದಿದ್ದರೆ ಜೇನು ಒಮ್ಮೆಗೇ ನುಗ್ಗಿ ಕೆಳಗಿನ ಕೋಣೆಗೆ ಸೋರಬಹುದು. ಜೇನು ಹರಳುಗಟ್ಟಿದ್ದರೆ ಯಾವ ಚಾವಿಯೂ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ಮಾತು: ಈ ಕೋಶಗಳ ಅಳತೆ ಯುರೋಪಿನ ಜೇನಿಗೆ ಹೊಂದುವಂಥದ್ದು. ಏಷ್ಯಾದ ತುಡುವೆ ಜೇನಿನ ಹುಳು ಚಿಕ್ಕದು, ಅದು ಕಟ್ಟುವ ಕೋಶವೂ ಚಿಕ್ಕದು. ಸಾಕುವುದು ಯಾವ ಜೇನು ಅಂತ ತೀರ್ಮಾನಿಸಿದ ಮೇಲೆಯೇ ಪೆಟ್ಟಿಗೆ ಕೊಳ್ಳಬೇಕು.

ಈಗ ಕೆಳಗಿನ ಕೋಣೆಗೆ ಬರೋಣ. ಪೆಟ್ಟಿಗೆಯ ಕಿಟಕಿಯಿಂದ ಮೇಲಿನ ಜೇನು ಕಾಣುತ್ತದೆ, ಆದರೆ ಕುಟುಂಬದ ಆರೋಗ್ಯ ಕಾಣುವುದಿಲ್ಲ. ಅದಕ್ಕೆ ಮುಸುಕು ಹಾಕಿಕೊಂಡು, ಬಾಗಿಲಲ್ಲಿ ಸ್ವಲ್ಪ ಹೊಗೆ ಬಿಟ್ಟು, ಮೇಲಿನ ಕೋಣೆ ಇಳಿಸಿ, ಸಂಸಾರ ಕೋಣೆಯ ಚೌಕಟ್ಟನ್ನು ಕೈಯಾರೆ ಎತ್ತಲೇಬೇಕು. ಹೊಗೆ ಬೀಳುತ್ತಲೇ ಹುಳುಗಳು ಜೇನು ಕುಡಿಯಲು ಹೋಗುತ್ತವೆ. ಅಪಾಯ ಬಂತೆಂದು ಅವು ಬಿಡುವ ವಾಸನೆಯೂ ಹೊಗೆಯಲ್ಲಿ ಮರೆಯಾಗುತ್ತದೆ.

ಸೂರ್ಯ ಬೆನ್ನ ಹಿಂದಿರುವಂತೆ ನಿಂತು, ಚೌಕಟ್ಟನ್ನು ಪೆಟ್ಟಿಗೆಯ ಮೇಲೇ ಹಿಡಿಯಿರಿ. ರಾಣಿ ಜಾರಿ ಬಿದ್ದರೂ ಒಳಗೇ ಬೀಳಲಿ. ಮೇಲಂಚಿನಲ್ಲಿ ಕಮಾನಿನಂತೆ ಜೇನು, ಅದರ ಕೆಳಗೆ ಹಳದಿ, ಕಿತ್ತಳೆ, ಬೂದು ಬಣ್ಣದ ಪರಾಗದ ಪಟ್ಟಿ, ನಡುವೆ ಮರಿಗಳು. ಖಾಲಿ ಕಾಣುವ ಕೋಶಗಳ ತಳವನ್ನು ದಿಟ್ಟಿಸಿ ನೋಡಿ. ಒಂದೂವರೆ ಮಿ.ಮೀ. ಉದ್ದದ ಬಿಳಿ ಗೆರೆಯಂಥದ್ದು ಕಂಡರೆ ಅದು ಮೊಟ್ಟೆ. ಮೊದಲ ದಿನ ನೆಟ್ಟಗೆ ನಿಂತಿರುತ್ತದೆ, ಆಮೇಲೆ ವಾಲುತ್ತಾ ಮೂರನೇ ದಿನಕ್ಕೆ ಮಲಗುತ್ತದೆ, ಆಮೇಲೆ ಒಡೆಯುತ್ತದೆ. ಅಂದರೆ ಮೊಟ್ಟೆ ಇದೆ ಅಂದಮೇಲೆ ಮೂರು ದಿನದೊಳಗೆ ರಾಣಿ ಅಲ್ಲಿದ್ದಳು. ಸಾವಿರಾರು ಹುಳುಗಳ ನಡುವೆ ಅವಳನ್ನು ಹುಡುಕುತ್ತಾ ಪೆಟ್ಟಿಗೆ ತೆರೆದಿಡುವ ಅಗತ್ಯವಿಲ್ಲ.

ಮುಚ್ಚಿದ ಮರಿಗಳು ಒತ್ತಾಗಿ, ಬಿಸ್ಕತ್ತಿನ ಬಣ್ಣದ ಒಣ ಮುಚ್ಚಳಗಳೊಂದಿಗೆ ಇದ್ದರೆ ಸಂಸಾರ ಚೆನ್ನಾಗಿದೆ. ಮುಚ್ಚಳಗಳು ಒಳಕ್ಕೆ ಕುಸಿದು, ತೂತಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ ನಿರ್ಲಕ್ಷಿಸಬೇಡಿ. ಒಂದು ಕಡ್ಡಿ ಚುಚ್ಚಿ ಎಳೆಯಿರಿ. ಕಂದು ಬಣ್ಣದ ಅಂಟು ದಾರದಂತೆ ಬಂದರೆ ಅದು ಫೌಲ್‌ಬ್ರೂಡ್ ಎಂಬ ಬ್ಯಾಕ್ಟೀರಿಯಾ ರೋಗ ಇರಬಹುದು. ಕಂಡರೆ ಅಧಿಕಾರಿಗಳಿಗೆ ತಿಳಿಸಲೇಬೇಕು ಎಂಬ ಕಾನೂನು ಅನೇಕ ದೇಶಗಳಲ್ಲಿದೆ. ಅದರ ಬೀಜಕಣಗಳು ಮರದಲ್ಲಿ, ಮೇಣದಲ್ಲಿ ದಶಕಗಟ್ಟಲೆ ಬದುಕುತ್ತವೆ. ಅಗ್ಗಕ್ಕೆ ಸಿಕ್ಕಿತು ಅಂತ ಯಾರದೋ ಹಳೇ ಪೆಟ್ಟಿಗೆ, ಹಳೇ ಎರಿ ತರಬೇಡಿ ಅನ್ನುವುದು ಇದಕ್ಕೇ.

ವಾರಕ್ಕೊಮ್ಮೆ ನೋಡಬೇಕು ಅನ್ನುವುದಕ್ಕೂ ಲೆಕ್ಕವಿದೆ. ಜಾಗ ಸಾಲದಾದಾಗ, ಹೂವು ಹೇರಳವಾಗಿದ್ದಾಗ ಕುಟುಂಬ ಪಾಲಾಗಲು ತಯಾರಾಗುತ್ತದೆ. ಎರಿಯ ಅಂಚಿನಲ್ಲಿ ಉದ್ದನೆಯ ರಾಣಿ ಕೋಶಗಳು ಕೆಳಮುಖವಾಗಿ ಜೋತಾಡುತ್ತವೆ. ಮೊಟ್ಟೆಯಾಗಿ 3 ದಿನ, ಮರಿಯಾಗಿ ಸುಮಾರು 5 ದಿನ. 8ನೇ ದಿನದ ಹೊತ್ತಿಗೆ ಆ ಕೋಶ ಮುಚ್ಚುತ್ತದೆ, 16ನೇ ದಿನ ಹೊಸ ರಾಣಿ ಹೊರಬರುತ್ತಾಳೆ. ಸಾಮಾನ್ಯವಾಗಿ ಕೋಶ ಮುಚ್ಚುವ ಹೊತ್ತಿಗೇ ಹಳೇ ರಾಣಿ ಅರ್ಧಕ್ಕೂ ಹೆಚ್ಚು ಹುಳುಗಳನ್ನು ಕರೆದುಕೊಂಡು ಹಾರಿಬಿಡುತ್ತಾಳೆ. 7 ದಿನಕ್ಕೊಮ್ಮೆ ನೋಡುವವರಿಗೆ ತೆರೆದ ರಾಣಿ ಕೋಶ ಕಾಣುತ್ತದೆ, ಕುಟುಂಬವನ್ನು ತಾವೇ ಎರಡು ಪೆಟ್ಟಿಗೆಗೆ ಪಾಲು ಮಾಡಲು ಸಮಯವಿರುತ್ತದೆ. 15 ದಿನಕ್ಕೊಮ್ಮೆ ನೋಡುವವರಿಗೆ ಬರೀ ಅರ್ಧ ಖಾಲಿಯಾದ ಪೆಟ್ಟಿಗೆ.

ಇನ್ನು ವರೋವಾ ನುಸಿ. ತುಡುವೆ ಜೇನಿನ ಜೊತೆ ಬಹುಕಾಲದಿಂದ ಬದುಕಿದ್ದ ಈ ಪರಾವಲಂಬಿ ಯುರೋಪಿನ ಜೇನಿಗೆ ದಾಟಿ ಅದರ ದೊಡ್ಡ ಶತ್ರುವಾಯಿತು. ಫ್ಲೋ ಹೈವ್ ಹುಟ್ಟಿದ ಆಸ್ಟ್ರೇಲಿಯಾ ಬಹಳ ಕಾಲ ಇದರಿಂದ ಪಾರಾಗಿತ್ತು. 2022ರಲ್ಲಿ ಅಲ್ಲಿಗೂ ಬಂತು. ಕೆಂಪು ಕಂದು ಬಣ್ಣದ ನುಸಿ ಮರಿಯ ಕೋಶ ಮುಚ್ಚುವ ಮುನ್ನ ಒಳಗೆ ನುಸುಳಿ, ಮುಚ್ಚಳದ ಅಡಿಯಲ್ಲೇ ಸಂತಾನ ಬೆಳೆಸುತ್ತದೆ. ರೆಕ್ಕೆ ಮುರುಟಿಸುವ ವೈರಸ್ಸನ್ನೂ ಹರಡುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ, ಹಾಗಾಗಿ ಎಣಿಸಿಯೇ ನೋಡಬೇಕು. ರಾಣಿ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು ಸುಮಾರು 300 ಹುಳುಗಳನ್ನು ಜಾಲರಿ ಮುಚ್ಚಳದ ಡಬ್ಬಿಗೆ ಹಾಕಿ, ಪುಡಿ ಸಕ್ಕರೆ ಸುರಿದು ಹೊರಳಿಸಿ, ಬಿಳಿ ತಟ್ಟೆಯ ಮೇಲೆ ಜಾಲಿಸಿದರೆ ನುಸಿಗಳು ಉದುರುತ್ತವೆ. ಹುಳುಗಳನ್ನು ಜೀವಂತವಾಗಿ ವಾಪಸ್ ಬಿಡಬಹುದು.

ಶುರು ಮಾಡುವವರು ಎರಡು ಕುಟುಂಬ ಇಟ್ಟರೆ ಒಳ್ಳೆಯದು. ಒಂದೇ ಇದ್ದರೆ ಅದು ಮಾಡುತ್ತಿರುವುದು ಸಹಜವೋ ಅಲ್ಲವೋ ಅಂತ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಒಂದರಲ್ಲಿ ರಾಣಿ ಸತ್ತರೆ ಹೊಸ ರಾಣಿ ಬೆಳೆಸಿಕೊಳ್ಳಲು ಇನ್ನೊಂದರಿಂದ ಮೊಟ್ಟೆಯಿರುವ ಚೌಕಟ್ಟು ಕೊಡಬಹುದು. ಫ್ಲೋ ಚೌಕಟ್ಟುಗಳು ಸಾಧಾರಣ ಚೌಕಟ್ಟಿಗಿಂತ ಹಲವು ಪಟ್ಟು ದುಬಾರಿ. ಮೊದಲು ಸಂಸಾರ ಕೋಣೆ ಮಾತ್ರ ಇಟ್ಟು, ಅದು ಹುಳುಗಳಿಂದ ತುಂಬಿದ ಮೇಲೆ ಜೇನು ಕೋಣೆ ಏರಿಸಿದರೂ ನಡೆಯುತ್ತದೆ. ಹುಳು ಕಚ್ಚಿಸಿಕೊಂಡ ಮೇಲೆ ಉಸಿರು ಕಟ್ಟಿದಂತಾದರೆ, ಗಂಟಲು ಊದಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಜೇನು ತೆಗೆಯುವ ಮುನ್ನ ಕಿಟಕಿಯಲ್ಲಿ ಕಾಣುವ ಅಂಚನ್ನೇ ನಂಬಬೇಡಿ, ಚೌಕಟ್ಟನ್ನು ಎತ್ತಿ ನೋಡಿ. ಬಹುಪಾಲು ಕೋಶಗಳಿಗೆ ಮುಚ್ಚಳ ಬಿದ್ದಿರಬೇಕು. ನೀರಿನಂಶ ಶೇ. 18–20ಕ್ಕಿಂತ ಜಾಸ್ತಿ ಇರುವ ಜೇನು ಹುಳಿ ಬರುತ್ತದೆ. ಚಳಿಗಾಲ ಕಠಿಣವಾಗಿರುವ ಕಡೆ ಫ್ಲೋ ಚೌಕಟ್ಟುಗಳನ್ನು ಮೊದಲೇ ಖಾಲಿ ಮಾಡಿ ತೆಗೆದಿಡುವುದು ವಾಡಿಕೆ, ಇಲ್ಲದಿದ್ದರೆ ಒಳಗೇ ಹರಳುಗಟ್ಟುತ್ತದೆ. ಆದರೆ ಚಾವಿ ಹಾಕುವ ಮುಂಚೆ ಸಂಸಾರ ಕೋಣೆಯನ್ನು ಒಂದು ಬದಿಯಿಂದ ಸ್ವಲ್ಪ ಎತ್ತಿ ಭಾರ ನೋಡಿ. ಹಗುರ ಅನ್ನಿಸಿದರೆ ಮೇಲಿನ ಜೇನು ಹುಳುಗಳಿಗೇ ಇರಲಿ.