ಕಣ್ಣಿಗೆ ಕಾಣುವ ಸದ್ದು

ಹಳೆಯ ರೆಕಾರ್ಡುಗಳ ಅಂಗಡಿಯಲ್ಲಿ ಪಳಗಿದ ಗಿರಾಕಿಯನ್ನು ಗುರುತಿಸುವುದು ಕಷ್ಟವಲ್ಲ. ಆತ ಹೊದಿಕೆಯ ಚಿತ್ರವನ್ನು ನೋಡಿ ತೃಪ್ತನಾಗದೆ, ಒಳಗಿನ ತಟ್ಟೆಯನ್ನು ಹೊರತೆಗೆದು, ಅಂಚು ಮತ್ತು ನಡುವಿನ ಲೇಬಲ್ಲನ್ನು ಬಿಟ್ಟು ಬೇರೆಲ್ಲಿಯೂ ಬೆರಳು ತಾಗದಂತೆ ಹಿಡಿದು, ದೀಪದ ಕೆಳಗೆ ಓರೆಯಾಗಿ ತಿರುಗಿಸಿ ನೋಡುತ್ತಾನೆ. ಹೊರಗಿನವರಿಗೆ ಇದು ಶೋಕಿಯಂತೆ ಕಾಣಬಹುದು. ಆದರೆ ಸದ್ದನ್ನು ಹಿಡಿದಿಡಲು ಮನುಷ್ಯ ರೂಪಿಸಿದ ಸಾಧನಗಳಲ್ಲಿ ಬರಿಗಣ್ಣಿಗೆ ಇಷ್ಟು ವಿಷಯವನ್ನು ಬಿಟ್ಟುಕೊಡುವ ಸಾಧನ ಇನ್ನೊಂದಿಲ್ಲ.

ಕೊಲಂಬಿಯಾ ಕಂಪನಿಯು 1948ರಲ್ಲಿ ಹೊರತಂದ ಲಾಂಗ್ ಪ್ಲೇ ತಟ್ಟೆ ವಿನೈಲ್ ಪ್ಲಾಸ್ಟಿಕ್ಕಿನದು. ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. 12 ಇಂಚು ಅಗಲದ ಈ ತಟ್ಟೆಯ ಒಂದು ಬದಿಯಲ್ಲಿರುವುದು ಅಂಚಿನಿಂದ ಒಳಕ್ಕೆ ಸುರುಳಿ ಸುತ್ತುತ್ತ ಸಾಗುವ ಒಂದೇ ಒಂದು ಜಾಡು. 22 ನಿಮಿಷ ನುಡಿಯುವ ಬದಿಯ ಜಾಡನ್ನು ಬಿಡಿಸಿ ನೇರವಾಗಿ ಚಾಚಿದರೆ ಅದು ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಉದ್ದವಾಗುತ್ತದೆ. ಸದ್ದು ಜೋರಾದಲ್ಲಿ ಜಾಡು ಅಕ್ಕಪಕ್ಕಕ್ಕೆ ಹೆಚ್ಚು ಓಲಾಡುವುದರಿಂದ ಬೆಳಕು ಚದುರಿ ಆ ಭಾಗ ತುಸು ಮಾಸಲಾಗಿಯೂ, ಮೆಲುದನಿಯ ಭಾಗ ನುಣ್ಣಗೆ ಕಪ್ಪಾಗಿಯೂ ಕಾಣುತ್ತದೆ. ಮುಳ್ಳು ಸವೆಸಿದ ಜಾಡು ಬೂದುಬಣ್ಣಕ್ಕೆ ತಿರುಗುತ್ತದೆ. ಇನ್ನು ಗೀರುಗಳ ಮಾತು: ಜಾಡಿಗೆ ಅಡ್ಡವಾಗಿ ಬಿದ್ದ ಗೀರು ಬೆರಳಿನ ತುದಿಗೆ ತಡೆಯುವಷ್ಟು ಆಳವಾಗಿದ್ದರೆ, ತಟ್ಟೆ ಒಂದು ಸುತ್ತು ಮುಗಿಸುವ ಪ್ರತಿ 1.8 ಸೆಕೆಂಡಿಗೊಮ್ಮೆ ಅದು ಟಿಕ್ ಎನ್ನುವುದು ಬಹುಮಟ್ಟಿಗೆ ಖಚಿತ. ಮೇಲ್ಮೈಯಲ್ಲಷ್ಟೇ ಹರಿದಾಡಿದ ಕೂದಲೆಳೆಯ ಗೆರೆಗಳಿಗೆ ಹೆದರಬೇಕಾಗಿಲ್ಲ, ಏಕೆಂದರೆ ಮುಳ್ಳು ಓದುವುದು ಜಾಡಿನ ಒಳಗೋಡೆಗಳನ್ನು.

ತಟ್ಟೆ ತಿರುಗುವ ವೇಗ ಒಂದೇ ಆಗಿದ್ದರೂ ಅಂಚಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೀಗಾಗಿ ಹೊರಭಾಗದಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಜಾಡು ಸರಿದುಹೋದರೆ, ಕೊನೆಯ ಹಾಡಿನ ಹೊತ್ತಿಗೆ ಅದು ಸುಮಾರು 21ಕ್ಕೆ ಇಳಿದಿರುತ್ತದೆ. ಸೆಕೆಂಡಿಗೆ 10,000 ಬಾರಿ ಕಂಪಿಸುವ ಕೀಚಲು ಸ್ವರದ ಒಂದು ಅಲೆಗೆ ಅಂಚಿನಲ್ಲಿ 51 ಮೈಕ್ರೋಮೀಟರ್ ಜಾಗ ಸಿಕ್ಕರೆ ಒಳಗೆ ಸಿಗುವುದು 21 ಮಾತ್ರ. ಅಷ್ಟು ಇಕ್ಕಟ್ಟಿನ ತಿರುವುಗಳಲ್ಲಿ ಮುಳ್ಳು ತಡವರಿಸಿ ಸದ್ದು ಒಡೆಯುತ್ತದೆ. ಬದಿಯ ಕೊನೆಗೆ ಶಾಂತವಾದ ಹಾಡನ್ನು ಇಡುವ ರೂಢಿಗೆ ಇದೂ ಒಂದು ಕಾರಣ. ನಾವು ಕಲಾವಿದರ ಅಭಿರುಚಿ ಎಂದುಕೊಳ್ಳುವುದರಲ್ಲಿ ರೇಖಾಗಣಿತದ ಪಾಲೂ ಇರುತ್ತದೆ.

ಕೊನೆಯ ಹಾಡಿಗೂ ಲೇಬಲ್ಲಿಗೂ ನಡುವೆ ಉಳಿಯುವ ನುಣುಪಾದ ಪಟ್ಟಿಯನ್ನು ಸಂಗ್ರಹಕಾರರು ಮೊದಲು ನೋಡುತ್ತಾರೆ. ಅಲ್ಲಿ ಕೆಲವು ಅಂಕಿ ಅಕ್ಷರಗಳು, ಎಷ್ಟೋ ಸಲ ಕೈಬರಹದಲ್ಲೇ, ಗೀಚಿರುತ್ತವೆ. ಧ್ವನಿಯನ್ನು ಮೊದಲು ಮೆರುಗೆಣ್ಣೆ ಬಳಿದ ಅಲ್ಯೂಮಿನಿಯಂ ತಟ್ಟೆಯಲ್ಲಿ ಕೊರೆದು, ಅದಕ್ಕೆ ತೆಳುವಾಗಿ ಬೆಳ್ಳಿ ಲೇಪಿಸಿ, ಅದರ ಮೇಲೆ ವಿದ್ಯುತ್ತಿನಿಂದ ನಿಕ್ಕೆಲ್ ಕೂರಿಸಿ ಅಚ್ಚು ತೆಗೆಯುತ್ತಾರೆ. ಕೊರೆದ ತಂತ್ರಜ್ಞ ಆ ಮೊದಲ ತಟ್ಟೆಯಲ್ಲಿ ಬರೆದ ಗುರುತು, ಅದರಿಂದ ಹುಟ್ಟಿದ ಪ್ರತಿಯೊಂದು ಪ್ರತಿಯಲ್ಲೂ ಮೂಡುತ್ತದೆ. ಹೊದಿಕೆ ಬದಲಾಗಿರಬಹುದು, ಲೇಬಲ್ ಮರುಮುದ್ರಣವಾಗಿರಬಹುದು. ಕೈಯಲ್ಲಿರುವ ತಟ್ಟೆ ಯಾವ ಅಚ್ಚಿನದು ಎಂಬುದಕ್ಕೆ ಈ ಗೀಚುಬರಹವೇ ನಂಬಲರ್ಹ ಸಾಕ್ಷಿ.

ಅದೇ ಅಂಗಡಿಯ ಮೂಲೆಯಲ್ಲಿ 78 ಸುತ್ತಿನ ಭಾರದ ತಟ್ಟೆಗಳೂ ಇರುತ್ತವೆ. ಅವು ಅರಗಿನಿಂದ ತೆಗೆದ ಶೆಲ್ಲಾಕ್‌ಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದವು, ಕೈಜಾರಿದರೆ ಒಡೆದುಹೋಗುತ್ತವೆ. ಅವುಗಳ ಜಾಡು ಲಾಂಗ್ ಪ್ಲೇ ಜಾಡಿಗಿಂತ ಎಷ್ಟೋ ಅಗಲ. ಲಾಂಗ್ ಪ್ಲೇ ಮುಳ್ಳನ್ನು ಅಲ್ಲಿ ಇಳಿಸಿದರೆ ಅದು ಗೋಡೆಗಳನ್ನು ಬಿಟ್ಟು ತಳದ ಧೂಳನ್ನು ಕೆದಕುತ್ತದೆ. ಕೇಳಿಬರುವ ಗರಗರ ಸದ್ದಿಗೆ ತಟ್ಟೆಯನ್ನು ದೂರುವುದು ನ್ಯಾಯವಲ್ಲ. ಸುಮಾರು ಆರು ಮಿಲಿಮೀಟರ್ ದಪ್ಪದ ಎಡಿಸನ್ ತಟ್ಟೆ ಕಣ್ಣಿಗೆ ಬಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅದರ ಜಾಡು ಓಲಾಡುವುದು ಅಕ್ಕಪಕ್ಕಕ್ಕಲ್ಲ, ಮೇಲೆ ಕೆಳಗೆ. ಮಾಮೂಲಿ ಗ್ರಾಮಫೋನಿನ ಉಕ್ಕಿನ ಮುಳ್ಳು ಅದನ್ನು ಕೆರೆದು ಹಾಳುಮಾಡುತ್ತದೆ.

ಟೇಪಿನ ಕಡೆಗೆ ಬಂದಕೂಡಲೇ ಕಣ್ಣಿನ ಆಟ ಮುಗಿಯುತ್ತದೆ. ಅಲ್ಲಿ ಸದ್ದು ಇರುವುದು ಕಾಂತಕಣಗಳ ದಿಕ್ಕಿನಲ್ಲಿ. 1960ರ ದಶಕದ ನಡುವೆ ಕಾರುಗಳಿಗೆಂದು ಬಂದ ಎಂಟು ಟ್ರ್ಯಾಕಿನ, ಎಂದರೆ ಟೇಪಿನ ಉದ್ದಕ್ಕೂ ಅಕ್ಕಪಕ್ಕದಲ್ಲಿ ಸಾಗುವ ಎಂಟು ಸಾಲುಗಳ, ಕಾರ್ಟ್ರಿಜ್ಜಿನಲ್ಲಿ ಟೇಪಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ; ಸುರುಳಿಯ ಒಳಗಿನಿಂದ ಹೊರಬಂದು ಹೊರಗಿನ ಸುತ್ತಿಗೆ ಸೇರಿಕೊಳ್ಳುತ್ತದೆ. ಪದರಗಳು ಒಂದರ ಮೇಲೊಂದು ಜಾರಲೆಂದು ಗ್ರಾಫೈಟ್ ಲೇಪಿಸಿರುತ್ತಾರೆ. ಎರಡು ತುದಿಗಳನ್ನು ಬೆಸೆದ ಲೋಹದ ಪಟ್ಟಿ ಬಂದಾಗ ಯಂತ್ರ ಅದನ್ನು ಗ್ರಹಿಸಿ, ಕಟಕ್ ಎಂದು ಮುಂದಿನ ಜೋಡಿ ಟ್ರ್ಯಾಕಿಗೆ ಹೊರಳುತ್ತದೆ, ಹಾಡು ಅರ್ಧದಲ್ಲಿದ್ದರೂ ಸರಿಯೆ. ಹೊಸದಾಗಿ ಕೊಂಡವರು ಇದನ್ನು ಹಾಗೆಯೇ ಯಂತ್ರಕ್ಕೆ ತುರುಕಬಾರದು: ಆ ಪಟ್ಟಿಯ ಅಂಟು ಒಣಗಿರುತ್ತದೆ, ಟೇಪನ್ನು ಒತ್ತಿಹಿಡಿಯುವ ಸ್ಪಂಜು ಪುಡಿಯಾಗಿರುತ್ತದೆ. ಎರಡನ್ನೂ ಬದಲಿಸದೆ ನುಡಿಸಿದರೆ ಟೇಪು ಕಿತ್ತುಬರುತ್ತದೆ.

ಸೋನಿ ಕಂಪನಿ 1992ರಲ್ಲಿ ತಂದ ಮಿನಿಡಿಸ್ಕ್ ಎಂಬ ಪುಟ್ಟ ತಟ್ಟೆ ಇವೆಲ್ಲಕ್ಕಿಂತ ಜಾಣ ವಸ್ತು. ಲೇಸರ್ ಒಂದು ಚುಕ್ಕೆಯನ್ನು ಬಿಸಿಮಾಡಿ ಅದರ ಕಾಂತತ್ವವನ್ನು ಸಡಿಲಿಸಿದಾಗ ಹಿಂಬದಿಯ ಅಯಸ್ಕಾಂತ ಹೊಸ ದಿಕ್ಕನ್ನು ಕೊಡುತ್ತದೆ, ಚುಕ್ಕೆ ತಣಿದು ಅದನ್ನು ಹಿಡಿದುಕೊಳ್ಳುತ್ತದೆ. ಹಾಗಿದ್ದೂ, ನೂರು ವರ್ಷಗಳಾಚೆಗೆ ಯಾವುದು ಉಳಿದೀತು ಎಂದು ಕೇಳಿದರೆ ನಾನು ಕಲ್ಲುಪುಡಿಯ ತಟ್ಟೆಯ ಪರ. ಮಿನಿಡಿಸ್ಕಿನ ಚುಕ್ಕೆಗಳನ್ನು ಓದಿದರಷ್ಟೇ ಸಾಲದು, ಸಿ.ಡಿ.ಯ ಸುಮಾರು ಐದನೇ ಒಂದು ಭಾಗಕ್ಕೆ ಕುಗ್ಗಿಸಿದ ಆ ದತ್ತಾಂಶವನ್ನು ಬಿಡಿಸುವ ಸೂತ್ರವೂ ಬೇಕು. ಜಾಡಿಗೆ ಸೂತ್ರ ಬೇಡ, ಅದರ ಆಕಾರವೇ ಅಲೆಯ ಆಕಾರ.

ಯಂತ್ರವೇ ಇಲ್ಲದೆ ಜಾಡನ್ನು ಓದಿದ ಉದಾಹರಣೆಯೂ ಇದೆ. ಫ್ರಾನ್ಸಿನ ಸ್ಕಾಟ್ ದ ಮಾರ್ಟಿನ್‌ವಿಲ್ 1860ರಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ಹಾಡಿನ ಕಂಪನವನ್ನು ಗೆರೆಯಾಗಿ ಎಳೆದಿದ್ದ. ಅದನ್ನು ಮರಳಿ ನುಡಿಸುವ ಉದ್ದೇಶ ಅವನಿಗೆ ಇರಲಿಲ್ಲ. ಕಣ್ಣಿನಿಂದ ನೋಡಿ ಅಭ್ಯಸಿಸುವುದಷ್ಟೇ ಗುರಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು 2008ರಲ್ಲಿ ಆ ಗೆರೆಯ ಚಿತ್ರದಿಂದ ಸದ್ದನ್ನು ಮರಳಿ ಪಡೆದಾಗ ಕೇಳಿಸಿದ್ದು ಹುಡುಗಿಯ ದನಿಯಂತಿತ್ತು. ವೇಗವನ್ನು ತಿಳಿಯಲು ಆತ ಪಕ್ಕದಲ್ಲೇ ಎಳೆದಿದ್ದ ಶ್ರುತಿಕವೆಯ (ತಟ್ಟಿದರೆ ಒಂದೇ ಸ್ವರದಲ್ಲಿ ಕಂಪಿಸುವ ಲೋಹದ ಕವೆಯ) ಗೆರೆಯ ಆವರ್ತನವನ್ನು ಎರಡು ಪಟ್ಟು ಎಂದು ಎಣಿಸಿದ್ದರಿಂದ ಹಾಡು ದುಪ್ಪಟ್ಟು ವೇಗದಲ್ಲಿ ಓಡಿತ್ತು. ತಿದ್ದಿ ನಿಧಾನಿಸಿದಾಗ ಹೊರಬಂದದ್ದು ಗಂಡಸಿನ ದನಿ, ಬಹುಶಃ ಸ್ಕಾಟ್‌ನದೇ.